ಕಣ್ಣಿಗೆ ಕ್ಯಾನ್ಸರ್ ಔಷಧವೇ?

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ವಾಚನಾಲಯದಲ್ಲಿ, ಪತ್ರಿಕೆ ಮಡಿಸಿಟ್ಟು ಚಹಾದ ದಾರಿ ಕಾಯುತ್ತ ಕುಳಿತಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದ ಮಾತು ನಮ್ಮ ಕಿವಿಗೆ ಬಿತ್ತು. "ಆ ಇಂಜೆಕ್ಷನ್ ಮಾತ್ರ ಹಾಕಿಸಿಕೋಬ್ಯಾಡ್ರಿ ರಾಯರ. ಅದು ಕಣ್ಣಿನ ಔಷಧ ಅಲ್ಲ, ಕ್ಯಾನ್ಸರಿಂದು. ಅಗ್ಗ ಅಂತ ಹಾಕ್ತಾರ. ಲಕ್ವಾ ಹೊಡೀತದಂತ." ಕೇಳುತ್ತಿದ್ದ ರಾಯರಿಗೆ ಎಪ್ಪತ್ತಾರು ವರ್ಷ. ಅವರ ಕೈಯಲ್ಲಿ ಮರುದಿನದ ಆಸ್ಪತ್ರೆಯ ಚೀಟಿ ಇತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಸೇರಿಸಿದರು. ಮರುದಿನ ಅವರು ಆಸ್ಪತ್ರೆಗೆ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು.

ಅಂದು ನಾವು ಎದ್ದು ಮಾತನಾಡಬೇಕಿತ್ತು, ಮಾತನಾಡಲಿಲ್ಲ. ಹಿರಿಯರ ನಡುವೆ ಬಾಯಿ ಹಾಕುವುದು ಹೇಗೆಂಬ ಸಂಕೋಚ. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ಈ ಬರಹ. ನಾವು ವೈದ್ಯರಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕಡತ ನೂಕುತ್ತಿರುವ ಗುಮಾಸ್ತರು. ಅದಕ್ಕೂ ಮೊದಲು ರಸಾಯನಶಾಸ್ತ್ರ ಓದಿ ಬಿ.ಎಸ್‌ಸಿ. ಮಾಡಿದ್ದುಂಟು, ಅಷ್ಟೇ. ಆದರೆ ಮೇಲಿನ ಆ ಮಾತನ್ನೇ ನಂಬಿ ನಮ್ಮ ಮನೆಯಲ್ಲಿ ಒಂದು ಕಣ್ಣು ಹೋಗಿದೆ. ಈ ವಿಷಯದಲ್ಲಿ ಬಾಯಿ ಬಿಡಲು ನಮಗಿರುವ ಅಧಿಕಾರ ಅದೊಂದೇ.

2018ರ ಮಾತು. ತಂದೆ ತೀರಿಕೊಂಡ ಮೇಲೆ ಅವ್ವನನ್ನು ಗದಗದಿಂದ ಮುಂಬಯಿಗೆ ಕರೆತಂದು ನಮ್ಮ ಸರಕಾರಿ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡಿದ್ದೆವು. ಮೂರನೆಯ ಮಹಡಿಯಾದರೇನು, ಬೆಳಗಾದರೆ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುವುದು ಅವಳಿಗೆ ತಪ್ಪದ ನೇಮ. ಒಂದು ದಿನ ಅಂದಳು: "ಏ ತಮ್ಮಾ, ಈ ಸಾಲು ಯಾಕ ಸೊಟ್ಟ ಆಗಾಕತ್ತೈತಿ? ನಾ ಇಟ್ಟಿದ್ದು ನೆಟ್ಟಗ ಐತಿ, ಕಣ್ಣಾಗ ಸೊಟ್ಟ ಕಾಣ್ತೈತಿ." ಬಿ.ಎಸ್‌ಸಿ. ಓದಿದ ನಾವು ಏನೆಂದೆವು ಗೊತ್ತೆ? "ಕನ್ನಡಕದ ನಂಬರು ಬದಲಾಗಿರಬೇಕವ್ವ, ದೀಪಾವಳಿ ಬೋನಸ್ ಬರಲಿ, ಮಾಡಿಸೋಣ." ದೀಪಾವಳಿ ಬಂತು, ಹೋಯಿತು. ನಾಲ್ಕು ತಿಂಗಳು ಹೀಗೆಯೇ ಕಳೆದವು. ಕೊನೆಗೆ ಕಣ್ಣಿನ ಡಾಕ್ಟರು ಅವಳ ಕೈಗೆ ಚೌಕುಳಿ ಗೆರೆಗಳ ಒಂದು ಕಾಗದ ಕೊಟ್ಟು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕಿ ನೋಡಿರಿ, ಗೆರೆ ನೆಟ್ಟಗಿವೆಯೋ ಬಾಗಿವೆಯೋ ಹೇಳಿರಿ ಎಂದಾಗ, "ಇದನ್ನ ನಾ ಮನ್ಯಾಗ ದಿನಾ ಹೇಳಾಕತ್ತೀನಲ್ಲ" ಅಂದಳು ಅವ್ವ. ನಾವು ತಲೆ ತಗ್ಗಿಸಿದೆವು.

ಅಕ್ಷಿಪಟಲದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಚಿಕ್ಕ ಜಾಗವಿದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲವೂ ಅದರಿಂದಲೇ. ಮುಪ್ಪಿನಲ್ಲಿ ಕೆಲವರಿಗೆ ಈ ಜಾಗ ಸವೆಯುತ್ತದೆ. ಹೆಚ್ಚಿನವರಲ್ಲಿ ಒಣ ಬಗೆ, ನಿಧಾನವಾದದ್ದು. ಕೆಲವರಲ್ಲಿ ಅಕ್ಷಿಪಟಲದ ಕೆಳಗೆ ಹೊಸ ರಕ್ತನಾಳಗಳು ಕಳೆಯಂತೆ ಬೆಳೆದು ನೀರು, ರಕ್ತ ಸೋರುತ್ತವೆ. ಅದು ಒದ್ದೆ ಬಗೆ. ವರ್ಷಗಳಲ್ಲಿ ಆಗುವ ಹಾನಿ ಇಲ್ಲಿ ವಾರಗಳಲ್ಲಿ ಆಗಿಬಿಡುತ್ತದೆ. ಆ ಕಳೆ ಬೆಳೆಯಲು ಗೊಬ್ಬರವಾಗುವ ಒಂದು ಪ್ರೋಟೀನು ಉಂಟು, ವಿ.ಇ.ಜಿ.ಎಫ್. ಎಂದು ಹೆಸರು. ಅದನ್ನು ಹಿಡಿದು ಕಟ್ಟಿಹಾಕುವ ಔಷಧವನ್ನು ಕಣ್ಣಿನೊಳಕ್ಕೇ ಚುಚ್ಚಿ ಬಿಡುತ್ತಾರೆ. 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ರಾನಿಬಿಜುಮ್ಯಾಬ್ ಎಂಬ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಒಂದು ವರ್ಷದ ತನಕ ದೃಷ್ಟಿಯನ್ನು ಬಹುಮಟ್ಟಿಗೆ ಉಳಿಸಿಕೊಂಡರು. ಚುಚ್ಚಿದಂತೆ ನಟಿಸಿ ಔಷಧ ಕೊಡದವರಲ್ಲಿ ಉಳಿಸಿಕೊಂಡವರು 62 ಮಂದಿ. ಹಿಂದೆ ಈ ರೋಗಕ್ಕೆ ಡಾಕ್ಟರು ಕೈಚೆಲ್ಲುತ್ತಿದ್ದರು. ಇಂದು ಹಾಗಿಲ್ಲ. ಔಷಧದ ದೋಷಗಳ ಮಾತು ಬಂದಾಗಲೆಲ್ಲ, ಔಷಧವಿಲ್ಲದಿದ್ದರೆ ಏನಾಗುತ್ತದೆಂಬ ಈ ಲೆಕ್ಕವನ್ನೂ ಪಕ್ಕದಲ್ಲೇ ಇಟ್ಟುಕೊಂಡಿರಬೇಕು.

ಅಂದು ಉಪನಗರದ ಆ ಖಾಸಗಿ ಆಸ್ಪತ್ರೆಯಲ್ಲಿ (ಹೆಸರು ಬೇಡ) ಡಾಕ್ಟರಿಗಿಂತ ಹೆಚ್ಚು ಮಾತನಾಡಿದವರು ಮೇಜಿನ ಹಿಂದೆ ಕುಳಿತ ಒಬ್ಬ ತರುಣಿ. ಎರಡು ಔಷಧಗಳಿವೆ ಎಂದರು. ಒಂದು ಅಗ್ಗದ್ದು, ಆದರೆ ಅದು ಕ್ಯಾನ್ಸರಿನದು, ಕಣ್ಣಿಗೆ ಸರಕಾರದ ಒಪ್ಪಿಗೆ ಇಲ್ಲದ್ದು, ಲಕ್ವ ಹೊಡೆಯುವ ಸಂಭವವುಂಟು. ಇನ್ನೊಂದು "ಆಂಖ್ ಕಾ ಹೀ" ಔಷಧ, ಒಂದು ಸಲಕ್ಕೆ 22,000 ರೂಪಾಯಿ. "ಮಾತಾಜೀ ಕಾ ಸವಾಲ್ ಹೈ ಸರ್" ಎಂದು ಒಂದು ಮಾತು ಸೇರಿಸಿದರು. ತಾಯಿಯ ಹೆಸರು ತೆಗೆದರೆ ಯಾವ ಗುಮಾಸ್ತ ತಾನೆ ಅಗ್ಗದ್ದು ಕೊಡಿ ಅನ್ನುತ್ತಾನೆ? ಕಚೇರಿಯ ಸೊಸೈಟಿಯಿಂದ ಸಾಲ ಎತ್ತಿದೆವು. ಮೂರು ಚುಚ್ಚುಮದ್ದಾದವು. ರಂಗೋಲಿಯ ಸಾಲು ಸ್ವಲ್ಪ ನೆಟ್ಟಗಾಯಿತು. ಮುಂಚಿತವಾಗಿ ಅನುಮತಿ ಪಡೆಯದೆ ಖಾಸಗಿ ಆಸ್ಪತ್ರೆಗೆ ಹೋದದ್ದಕ್ಕೆ ನಮ್ಮ ವೈದ್ಯಕೀಯ ಬಿಲ್ಲು ಆಕ್ಷೇಪಣೆ ಹೊತ್ತು ತಿರುಗಿ ಬಂತು. ಹಗಲೆಲ್ಲ ಪರರ ಬಿಲ್ಲಿಗೆ ಆಕ್ಷೇಪಣೆ ಬರೆಯುವವರು ನಾವು. ತಪ್ಪು ನಮ್ಮದೇ ಎಂದು ಓದಿದೊಡನೆ ಗೊತ್ತಾಯಿತು. ನಾಲ್ಕನೆಯದಕ್ಕೆ ಹಣವಿರಲಿಲ್ಲ. ಅದೇ ಸಮಯಕ್ಕೆ ಊರಿನಿಂದ ನೆಂಟರೊಬ್ಬರು ಫೋನು ಮಾಡಿ, ಅಂಥ ಇಂಜೆಕ್ಷನ್ನಿನಿಂದ ಯಾರಿಗೋ ಹೃದಯ ನಿಂತಿತಂತೆ ಎಂದರು. ಹಣವಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ನಿಲ್ಲಿಸಿಬಿಟ್ಟೆವು. ಐದು ತಿಂಗಳಾದ ಮೇಲೆ ತೋರಿಸಿದಾಗ ಬಲಗಣ್ಣಿನ ನಡುವೆ ಕಲೆ ಕಟ್ಟಿತ್ತು. ಇನ್ನು ಔಷಧದಿಂದ ಪ್ರಯೋಜನವಿಲ್ಲ ಎಂದರು. ಅಗ್ಗದ್ದನ್ನು ಕೊಟ್ಟಿದ್ದರೆ ನಾಲ್ಕನೆಯದೂ, ಹದಿನಾಲ್ಕನೆಯದೂ ನಮ್ಮ ಕೈಗೆ ಎಟುಕುತ್ತಿತ್ತು.

ಈಗ ಆ "ಕ್ಯಾನ್ಸರ್ ಔಷಧ"ದ ಕಥೆಗೆ ಬರೋಣ. ಬೆವಾಸಿಜುಮ್ಯಾಬ್ ಎಂಬುದು ಅದರ ಹೆಸರು, ಪೇಟೆಯಲ್ಲಿ ಅವಾಸ್ಟಿನ್ ಎಂದು ಪ್ರಸಿದ್ಧ. 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. "ಕಣ್ಣಿನದೇ" ಎನ್ನುವ ರಾನಿಬಿಜುಮ್ಯಾಬ್, ಅಂದರೆ ಲುಸೆಂಟಿಸ್, 2006ರಲ್ಲಿ ಬಂತು. ಇವೆರಡೂ ಒಂದೇ ಕಂಪನಿಯ ಮಕ್ಕಳು! ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಪ್ರಯೋಗಾಲಯದಲ್ಲಿ ಇಲಿಯ ಒಂದೇ ಪ್ರತಿಕಾಯದಿಂದ ಹೊರಟವು. ಒಂದು ಇಡಿಯ ಪ್ರತಿಕಾಯ, ಇನ್ನೊಂದು ಅದರ ತುಂಡನ್ನು ತಿದ್ದಿ ಮೊನಚು ಮಾಡಿದ್ದು. ಎರಡೂ ಹಿಡಿಯುವುದು ಅದೇ ವಿ.ಇ.ಜಿ.ಎಫ್. ಪ್ರೋಟೀನನ್ನು. ಲುಸೆಂಟಿಸ್ ಪೇಟೆಗೆ ಬರುವ ಮೊದಲೇ, 2005ರಲ್ಲಿ, ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಎಂಬ ಕಣ್ಣಿನ ವೈದ್ಯರು ಅವಾಸ್ಟಿನ್‌ನ ಒಂದು ಹನಿಯನ್ನು ರೋಗಿಯ ಕಣ್ಣಿಗೆ ಚುಚ್ಚಿ ನೋಡಿದರು. ಗುಣ ಕಂಡಿತು. ಸುದ್ದಿ ಜಗತ್ತೆಲ್ಲ ಹರಡಿತು. ಅಮೆರಿಕದಲ್ಲಿ ಆಗ ಒಂದರ ಬೆಲೆ ಒಂದು ಸಲಕ್ಕೆ ಸುಮಾರು 2,000 ಡಾಲರ್ ಇತ್ತು, ಇನ್ನೊಂದರದು ಸುಮಾರು 50.

ಕ್ಯಾನ್ಸರಿನ ಔಷಧವೆಂಬ ಒಂದೇ ಕಾರಣಕ್ಕೆ ಹೆದರುವವರು ಒಂದು ಸಣ್ಣ ಗಣಿತ ಮಾಡಿ ನೋಡಬೇಕು. ಅರವತ್ತು ಕಿಲೋ ತೂಗುವ ಕ್ಯಾನ್ಸರ್ ರೋಗಿಗೆ, ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ, ಒಂದು ಸಲಕ್ಕೆ 300 ಮಿಲಿಗ್ರಾಂ ಔಷಧವನ್ನು ನೇರವಾಗಿ ರಕ್ತಕ್ಕೆ ಬಿಡುತ್ತಾರೆ. ಕಣ್ಣಿಗೆ ಚುಚ್ಚುವುದು 1.25 ಮಿಲಿಗ್ರಾಂ. ಇನ್ನೂರ ನಲವತ್ತರಲ್ಲಿ ಒಂದು ಪಾಲು. ಕ್ಯಾನ್ಸರ್ ರೋಗಿಗಳಲ್ಲಿ ಕಂಡ ರಕ್ತಸ್ರಾವ, ರಕ್ತದೊತ್ತಡಗಳ ಪಟ್ಟಿಯನ್ನು ಹಾಗೆಯೇ ಎತ್ತಿ ತಂದು ಕಣ್ಣಿನ ರೋಗಿಯನ್ನು ಹೆದರಿಸುವುದು ಯಾವ ನ್ಯಾಯ?

ಇದೆಲ್ಲ ಬರಿಯ ತರ್ಕವೆನ್ನುವವರಿಗೆ ಪರೀಕ್ಷೆಯ ಉತ್ತರವೂ ಇದೆ. ಅಮೆರಿಕದ ಸರಕಾರಿ ಕಣ್ಣಿನ ಸಂಸ್ಥೆ ತನ್ನ ಹಣದಿಂದಲೇ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿತು. 2011ರಲ್ಲಿ ಫಲಿತಾಂಶ ಬಂತು. ತಿಂಗಳಿಗೊಮ್ಮೆ ಚುಚ್ಚಿಸಿಕೊಂಡವರಲ್ಲಿ ವರ್ಷದ ಕೊನೆಗೆ ದೃಷ್ಟಿಫಲಕದ ಮೇಲೆ ಅಗ್ಗದ್ದು 8 ಅಕ್ಷರ ಗಳಿಸಿಕೊಟ್ಟರೆ ದುಬಾರಿಯದು ಎಂಟೂವರೆ. ಆ ಅರ್ಧ ಅಕ್ಷರಕ್ಕಾಗಿ ನಲವತ್ತು ಪಟ್ಟು ಬೆಲೆ!

ಒಂದನ್ನು ಮುಚ್ಚಿಡಬಾರದು. ಅದೇ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರಬೇಕಾದಂಥ ಗಂಭೀರ ತೊಂದರೆಗಳು ಅಗ್ಗದ್ದರ ಗುಂಪಿನಲ್ಲಿ ನೂರಕ್ಕೆ 24.1, ದುಬಾರಿಯದರ ಗುಂಪಿನಲ್ಲಿ 19. ಹೆದರಿಸುವವರು ಈ ಅಂಕಿಯನ್ನೇ ಹಿಡಿದು ಕುಣಿದರು. ಆದರೆ ಸಾವು, ಹೃದಯಾಘಾತ, ಪಾರ್ಶ್ವವಾಯು, ಅಂದರೆ ಈ ಔಷಧದಿಂದ ಬರಬಹುದೆಂದು ಶಂಕಿಸಿದ ತೊಂದರೆಗಳಲ್ಲಿ, ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಹೆಚ್ಚಿದ್ದು ಹೊಟ್ಟೆಯ ತೊಂದರೆಯಂಥ ಬೇರೆ ಕಾರಣಗಳಲ್ಲಿ. ಅನುಮಾನ ಮಾತ್ರ ಉಳಿಯಿತು. 2014ರಲ್ಲಿ ಕೊಕ್ರೇನ್ ಎಂಬ ವಿಮರ್ಶಕ ಸಂಸ್ಥೆ, ಔಷಧ ಕಂಪನಿಗಳ ಹಣ ಮುಟ್ಟದ 9 ಪರೀಕ್ಷೆಗಳ 3,665 ರೋಗಿಗಳ ಲೆಕ್ಕ ಕೂಡಿಸಿ ನೋಡಿ, ಸಾವಿನಲ್ಲಾಗಲಿ ಒಟ್ಟು ಗಂಭೀರ ತೊಂದರೆಗಳಲ್ಲಾಗಲಿ ಎರಡು ಔಷಧಗಳ ನಡುವೆ ವ್ಯತ್ಯಾಸವಿದೆಯೆನ್ನಲು ಆಧಾರ ಸಿಗಲಿಲ್ಲವೆಂದಿತು. ಅದಕ್ಕೂ ಒಂದು ವರ್ಷ ಮೊದಲೇ, 2013ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಅಗ್ಗದ್ದನ್ನೇ ಕಣ್ಣಿನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತ್ತು.

"ಹಾಗಾದರೆ ಕಂಪನಿಯವರೇ ಏಕೆ ಅದಕ್ಕೆ ಕಣ್ಣಿನ ಒಪ್ಪಿಗೆ ಕೇಳಲಿಲ್ಲ?" ಎಂದು ನಮ್ಮ ಕಚೇರಿಯ ಮಿತ್ರರೊಬ್ಬರು ಕೇಳಿದರು. ಸ್ವಾಮೀ, ಐವತ್ತು ಡಾಲರಿನದಕ್ಕೆ ಒಪ್ಪಿಗೆ ತಂದು ಎರಡು ಸಾವಿರದ್ದನ್ನು ಯಾರಿಗೆ ಮಾರಬೇಕು? "ಸರಕಾರದ ಒಪ್ಪಿಗೆ ಇಲ್ಲ" ಎಂಬ ಮಾತಿನ ಹಿಂದೆ ಔಷಧದ ದೋಷವೇ ಇರಬೇಕೆಂದೇನಿಲ್ಲ, ಅರ್ಜಿಯೇ ಹೋಗಿಲ್ಲದಿರಬಹುದು. ಅರ್ಜಿ ಇಲ್ಲದೆ ಮಂಜೂರಾತಿ ಇಲ್ಲವೆಂಬುದು ನಮ್ಮಂಥ ಗುಮಾಸ್ತರಿಗೆ ಯಾರೂ ಕಲಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಹನ್ನೆರಡು ಸರಕಾರಿ ಆರೋಗ್ಯ ಮಂಡಲಿಗಳು ರೋಗಿಗಳಿಗೆ ಅಗ್ಗದ್ದನ್ನೂ ಆರಿಸಿಕೊಳ್ಳಲು ಅವಕಾಶ ಕೊಟ್ಟಾಗ ದುಬಾರಿ ಔಷಧಗಳ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2018ರಲ್ಲಿ ಸೋತವು, 2020ರಲ್ಲಿ ಮೇಲ್ಮನವಿಯಲ್ಲೂ ಸೋತವು. ಕಣ್ಣಿಗೆಂದೇ ಸಿದ್ಧಪಡಿಸಿದ ಬೆವಾಸಿಜುಮ್ಯಾಬ್‌ಗೆ ಯುರೋಪಿನಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅರ್ಜಿ ಹಾಕಿದವರು ಬೇರೆ ಕಂಪನಿಯವರು.

ಇಟಲಿಯ ಕಥೆ ಇನ್ನೂ ರುಚಿಯಾಗಿದೆ. ಅಲ್ಲಿಯ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ 2014ರಲ್ಲಿ ರೋಶ್ ಮತ್ತು ನೋವಾರ್ಟಿಸ್ ಕಂಪನಿಗಳಿಗೆ ಒಟ್ಟು 18.25 ಕೋಟಿ ಯೂರೋ ದಂಡ ಹಾಕಿತು. ಆರೋಪವೇನೆಂದರೆ, ಅಗ್ಗದ ಅವಾಸ್ಟಿನ್ ಕಣ್ಣಿಗೆ ಅಪಾಯಕಾರಿಯೆಂಬ ಭಾವನೆಯನ್ನು ಇಬ್ಬರೂ ಕೂಡಿ ಬೆಳೆಸಿ, ವೈದ್ಯರನ್ನು ಲುಸೆಂಟಿಸ್ ಕಡೆಗೆ ತಿರುಗಿಸಿದರು ಎಂಬುದು. ಕಂಪನಿಗಳು ಅಲ್ಲಗಳೆದವು. 2018ರಲ್ಲಿ ಯುರೋಪಿನ ನ್ಯಾಯಾಲಯ, ಹೀಗೆ ಕೂಡಿಕೊಂಡು ದಾರಿತಪ್ಪಿಸುವ ಮಾಹಿತಿ ಹಬ್ಬಿಸುವುದು ಸ್ಪರ್ಧೆಯ ಕಾಯಿದೆಗೆ ವಿರುದ್ಧವಾಗಬಹುದೆಂದಿತು. 2019ರಲ್ಲಿ ಇಟಲಿಯ ಅತ್ಯುನ್ನತ ಆಡಳಿತ ನ್ಯಾಯಪೀಠ ದಂಡವನ್ನು ಎತ್ತಿಹಿಡಿಯಿತು. ಇದನ್ನು ಓದಿದ ದಿನ ನಮಗೆ ಉಪನಗರದ ಮೇಜಿನ ಹಿಂದಿನ ಆ ತರುಣಿಯ ನೆನಪಾಯಿತು. ಅವಳ ಮೇಲೆ ನಮಗೆ ಸಿಟ್ಟಿಲ್ಲ. ಹೇಳಿಕೊಟ್ಟ ಪಾಠವನ್ನು ಒಪ್ಪಿಸಿದಳು. ವಾಚನಾಲಯದ ನಮ್ಮ ಹಿರಿಯರು ಒಪ್ಪಿಸಿದ್ದೂ ಅದೇ ಪಾಠವನ್ನೇ, ಅದೂ ಸಂಬಳವಿಲ್ಲದೆ.

ಹಾಗೆಂದು ಅಗ್ಗದ್ದರಲ್ಲಿ ಅಪಾಯವೇ ಇಲ್ಲವೆ? ಇದೆ. ಆದರೆ ಅದಿರುವುದು ಬೇರೆ ಕಡೆ. ಅವಾಸ್ಟಿನ್ ಬರುವುದು ಕ್ಯಾನ್ಸರಿನ ಅಳತೆಯ ಸೀಸೆಯಲ್ಲಿ, 4 ಮಿಲಿ ಲೀಟರಿನಲ್ಲಿ 100 ಮಿಲಿಗ್ರಾಂ. ಒಂದು ಕಣ್ಣಿಗೆ ಬೇಕಾದದ್ದು ಮಿಲಿ ಲೀಟರಿನ ಇಪ್ಪತ್ತನೆಯ ಒಂದು ಪಾಲು. ಕಾಗದದ ಮೇಲಿನ ಲೆಕ್ಕಕ್ಕೆ ಒಂದು ಸೀಸೆ ಎಂಬತ್ತು ಕಣ್ಣುಗಳಿಗಾಗುತ್ತದೆ. ಅಗ್ಗವಾಗುವುದು ಈ ಹಂಚಿಕೆಯಿಂದಲೇ, ಅಪಾಯ ಹೊಕ್ಕುವುದೂ ಈ ಹಂಚಿಕೆಯಲ್ಲೇ. ಸೀಸೆಯಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ. ಶೋಧಿಸಿದ ಗಾಳಿ ಹರಿಯುವ ಪೆಟ್ಟಿಗೆಯೊಳಗೆ, ಕೈಗವಸು ತೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಸಿರಿಂಜಿನಂತೆ ತುಂಬಿ ತಂಪಿನಲ್ಲಿಡಬೇಕು. ಬದಲಿಗೆ ಒಂದೇ ಸೀಸೆಯ ರಬ್ಬರಿಗೆ ದಿನಗಟ್ಟಲೆ ಸೂಜಿ ಚುಚ್ಚುತ್ತ ಹೋದರೆ, ಒಂದು ಸೂಕ್ಷ್ಮಜೀವಿ ಒಳಗೆ ಬಿದ್ದರೂ ಆ ಸೀಸೆಯ ಎಲ್ಲ ಕಣ್ಣುಗಳೂ ಹೋದವೆಂದೇ ತಿಳಿಯಿರಿ. 2011ರಲ್ಲಿ ಮಯಾಮಿಯ ಸುತ್ತ ಹನ್ನೆರಡು ಜನರಿಗೆ ಹೀಗೆಯೇ ಕಣ್ಣೊಳಗಿನ ಸೋಂಕು ತಗಲಿತು. ಮೂಲ ಹುಡುಕಿದರೆ ಸಿರಿಂಜುಗಳನ್ನು ತುಂಬಿದ್ದ ಒಂದೇ ಔಷಧಾಲಯ. 2023ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಹಂಚಿ ಮಾರಿದ ಇಂಥದೇ ಔಷಧದಿಂದ ಹಲವರು ದೃಷ್ಟಿ ಕಳೆದುಕೊಂಡರು. 2010ರಲ್ಲಿ ಶಾಂಘೈಯಲ್ಲಿ 61 ಜನರ ಕಣ್ಣಿಗೆ ತೊಂದರೆಯಾದಾಗ ಆ ಔಷಧವೇ ನಕಲಿಯಾಗಿತ್ತು.

ನಮ್ಮ ದೇಶವೂ ಹೊರತಲ್ಲ. 2016ರ ಜನವರಿಯಲ್ಲಿ ಗುಜರಾತಿನಲ್ಲಿ ಒಂದು ಗುಂಪು ರೋಗಿಗಳಿಗೆ ಚುಚ್ಚುಮದ್ದಿನ ನಂತರ ತೊಂದರೆಯಾದಾಗ ಕೇಂದ್ರ ಔಷಧ ನಿಯಂತ್ರಕರು ಅವಾಸ್ಟಿನ್ ಅನ್ನು ಕಣ್ಣಿಗೆ ಬಳಸಬಾರದೆಂದು ಎಚ್ಚರಿಕೆ ಹೊರಡಿಸಿದರು. ಬಡ ರೋಗಿಗಳ ಚಿಕಿತ್ಸೆಯೇ ನಿಂತೀತೆಂದು ಕಣ್ಣಿನ ವೈದ್ಯರ ಸಂಘಗಳು ಮೊರೆಯಿಟ್ಟವು. ಕೆಲಕಾಲದ ಮೇಲೆ ಎಚ್ಚರಿಕೆ ಹಿಂದಕ್ಕೆ ಹೋಯಿತು, ಸೀಸೆಯನ್ನು ಹೇಗೆ ಹಂಚಬೇಕೆಂಬ ಕ್ರಮವನ್ನು ಆ ಸಂಘಗಳೇ ಬರೆದುಕೊಟ್ಟವು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಎಚ್ಚರಿಕೆಯೊಂದೇ. ಮೊಬೈಲಿನಿಂದ ಮೊಬೈಲಿಗೆ ಇಂದಿಗೂ ಅದು ಓಡಾಡುತ್ತಲೇ ಇದೆ, ತಾರೀಖು ಕಳಚಿಕೊಂಡು.

ದುಬಾರಿ ಔಷಧ ಸುರಕ್ಷಿತವೆನ್ನುವವರಿಗೆ ಬ್ರೊಲುಸಿಜುಮ್ಯಾಬ್ ಸಾಕು. 2019ರ ಅಕ್ಟೋಬರಿನಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಹೊಸ ಔಷಧ, ಮೂರು ತಿಂಗಳಿಗೊಮ್ಮೆ ಚುಚ್ಚಿದರೂ ಸಾಕೆಂಬ ಹೆಗ್ಗಳಿಕೆ. ನಾಲ್ಕೇ ತಿಂಗಳಲ್ಲಿ, 2020ರ ಫೆಬ್ರವರಿಯಲ್ಲಿ, ಅಲ್ಲಿಯ ಅಕ್ಷಿಪಟಲ ತಜ್ಞರ ಸಂಘ ತನ್ನ ಸದಸ್ಯರನ್ನು ಎಚ್ಚರಿಸಬೇಕಾಯಿತು: ಕೆಲವರಲ್ಲಿ ಅಕ್ಷಿಪಟಲದ ರಕ್ತನಾಳಗಳೇ ಉರಿಯೂತದಿಂದ ಮುಚ್ಚಿಕೊಳ್ಳುತ್ತಿದ್ದವು. ಹಳೆಯ ಪರೀಕ್ಷೆಗಳ ಚಿತ್ರಗಳನ್ನು ಮತ್ತೆ ತೆರೆದು ನೋಡಿದಾಗ ನೂರಕ್ಕೆ 4.6 ಮಂದಿಗೆ ಕಣ್ಣೊಳಗಿನ ಉರಿಯೂತ, 2.1 ಮಂದಿಗೆ ರಕ್ತನಾಳ ಮುಚ್ಚಿಕೆಯೂ ಕಂಡಿತು. ಒಣ ಬಗೆಗೆಂದು 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪೆಗ್‌ಸೆಟಕೋಪ್ಲಾನ್‌ನಲ್ಲೂ ಕೆಲವೇ ತಿಂಗಳಲ್ಲಿ ಅಂಥದೇ ದೂರು ಬಂತು. ಅದು ಸವೆತವನ್ನು ನಿಧಾನಿಸುತ್ತದೆಯೇ ಹೊರತು ಹೋದ ದೃಷ್ಟಿಯನ್ನು ತರುವುದಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಹೇಳಿ ತರಿಸೋಣವೆನ್ನುವ ಹಿರಿಯರು ಇದನ್ನು ತಿಳಿದಿರಲಿ.

ಇನ್ನು ಕಣ್ಣಿನ ಕ್ಯಾಪ್ಸೂಲುಗಳು. ನಮ್ಮವರು ಸೂಜಿಗೆ ಹೆದರುತ್ತಾರೆ, ಮಾತ್ರೆಗೆ ಹೆದರುವುದಿಲ್ಲ. ಮಾತ್ರೆಯೆಂದರೆ ಟಾನಿಕ್ಕು, ತಿಂದರೆ ಒಳ್ಳೆಯದೇ ಎಂದು ನಂಬುಗೆ. 2001ರ ಅಮೆರಿಕದ ಪರೀಕ್ಷೆಯಲ್ಲಿ ಸಿ, ಇ ಜೀವಸತ್ವಗಳು, ಬೀಟಾ ಕ್ಯಾರೊಟಿನ್, ಸತುವು ಸೇರಿದ ಮಾತ್ರೆ ರೋಗ ಮುಂದುವರಿಯುವ ಸಂಭವವನ್ನು ಐದು ವರ್ಷಗಳಲ್ಲಿ ಸುಮಾರು ಕಾಲು ಭಾಗ ತಗ್ಗಿಸಿತು, ಆದರೆ ಮಧ್ಯಮ ಹಂತ ಮುಟ್ಟಿದವರಿಗೆ ಮಾತ್ರ. ಕಣ್ಣು ಚೆನ್ನಾಗಿರುವವರಿಗೆ, ಆರಂಭದ ಹಂತದವರಿಗೆ ಅದರಿಂದ ಲಾಭ ಕಾಣಲಿಲ್ಲ. ಇನ್ನು ಬೀಟಾ ಕ್ಯಾರೊಟಿನ್! ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರು ನೂರಕ್ಕೆ 18ರಷ್ಟು ಹೆಚ್ಚಾಗಿ ಬಂತು. ಅದಕ್ಕೇ 2013ರ ಎರಡನೆಯ ಪರೀಕ್ಷೆಯ ಬಳಿಕ ಅದರ ಸ್ಥಾನಕ್ಕೆ ಲ್ಯೂಟಿನ್, ಜಿಯಾಜಾಂಥಿನ್ ಬಂದವು. ಬೀಡಿ ಸೇದುತ್ತ ಕಣ್ಣಿನ ಮಾತ್ರೆ ನುಂಗುವವರು ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನು ಮೊಮ್ಮಕ್ಕಳಿಂದಲಾದರೂ ಓದಿಸಬೇಕು. ಬೀಡಿ ಬಿಟ್ಟರಂತೂ ಈ ರೋಗಕ್ಕೆ ಅದಕ್ಕಿಂತ ಒಳ್ಳೆಯ ತಡೆಯಿಲ್ಲ, ದುಡ್ಡೂ ಉಳಿಯುತ್ತದೆ.

2021ರಲ್ಲಿ ಅವ್ವನ ಎಡಗಣ್ಣಿಗೂ ಅದೇ ರೋಗ ಬಂತು. ಈ ಸಲ ಒಂದು ಧರ್ಮಾರ್ಥ ಆಸ್ಪತ್ರೆಗೆ ಹೋದೆವು. ಅಗ್ಗದ್ದನ್ನೇ ಕೊಡುತ್ತಾರೆ. ನಾವು ಕೇಳಿದ್ದು ಕೆಲವೇ ಪ್ರಶ್ನೆ: ಔಷಧದ ಹೆಸರೇನು, ಸಿರಿಂಜು ತುಂಬಿದ್ದು ಎಲ್ಲಿ, ಎಂದು, ಬ್ಯಾಚ್ ನಂಬರು ಯಾವುದು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು. ಅಲ್ಲಿಯ ಡಾಕ್ಟರು ಬೇಸರಿಸದೆ ಚೀಟಿಯ ಹಿಂದೆ ಎಲ್ಲವನ್ನೂ ಬರೆದುಕೊಟ್ಟರು. ಚುಚ್ಚುವ ಮೊದಲು ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಹಾಕುತ್ತಾರೆ, ಅದು ಉರಿಯುತ್ತದೆ. ಸೋಂಕು ತಡೆಯುವ ಮುಖ್ಯ ಕಾವಲು ಅದೇ. ಮೂರನೆಯ ಚುಚ್ಚುಮದ್ದಿನ ಮರುದಿನ ಅವ್ವನ ಕಣ್ಣಿನ ಬಿಳಿಗುಡ್ಡೆ ಅರ್ಧ ಕೆಂಪಾಗಿತ್ತು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಅವಳನ್ನು ಎತ್ತಿಕೊಂಡಂತೆಯೇ ಓಡಿದೆವು. ಡಾಕ್ಟರು ನೋಡಿ, "ನೋವಿಲ್ಲವಲ್ಲ, ದೃಷ್ಟಿ ಕಡಿಮೆಯಾಗಿಲ್ಲವಲ್ಲ? ಹೊರಪೊರೆಯ ರಕ್ತ, ಹತ್ತು ದಿನದಲ್ಲಿ ಕರಗುತ್ತದೆ" ಎಂದರು. ಸುಮ್ಮನೆ ಓಡಿ ಬಂದಿರೆಂದು ಗದರಲಿಲ್ಲ. ನೋವು, ಕೆಂಪು, ಮಬ್ಬು, ಬೆಳಕು ಕಂಡರೆ ತಡೆಯಲಾಗದಿರುವುದು, ಇವು ಮೊದಲ ವಾರದಲ್ಲಿ ಕಂಡರೆ ನಡುರಾತ್ರಿಯಾದರೂ ಬರಬೇಕೆಂದರು. ಸಾವಿರಾರು ಚುಚ್ಚುಮದ್ದುಗಳಲ್ಲಿ ಒಂದೆರಡಕ್ಕೆ ಕಣ್ಣೊಳಗೆ ಸೋಂಕಾಗುತ್ತದೆ. ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಕ್ಕರೆ ಕಣ್ಣು ಉಳಿಯುವ ಆಸೆಯುಂಟು, ಭಾನುವಾರ ಕಳೆಯಲೆಂದು ಕಾದರೆ ಇಲ್ಲ.

ಕೊನೆಗೊಂದು ಸಿಟ್ಟು ನಮ್ಮ ಮೇಲೆಯೇ. ಎರಡೂ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಮಾತುಕತೆ ಹಿಂದಿ ಮರಾಠಿಗಳಲ್ಲಿ. ಚುಚ್ಚಿಸಿಕೊಳ್ಳುವವಳು ಅವ್ವ, ಸಹಿ ನಮ್ಮದು. "ಏನಂದ್ರೋ?" ಎಂದು ಅವಳು ಕೇಳಿದಾಗಲೆಲ್ಲ "ಏನಿಲ್ಲ, ಆರಾಮ ಆಗ್ತದಂತ" ಎಂದು ಬಾಯಿ ಮುಚ್ಚಿಸಿದ್ದೇವೆ. ಅವಳ ಕಣ್ಣಿನ ವಿಷಯ ಅವಳ ಭಾಷೆಯಲ್ಲಿ ಅವಳಿಗೆ ಒಮ್ಮೆಯೂ ಯಾರೂ ಹೇಳಲಿಲ್ಲ. ಹೇಳಿದ್ದರೆ, ಊರಿನ ಫೋನು ಬಂದ ದಿನ ಅವಳೇ ನಮ್ಮನ್ನು ಗದರಿಸಿ ಆಸ್ಪತ್ರೆಗೆ ಎಬ್ಬಿಸಿಕೊಂಡು ಹೋಗುತ್ತಿದ್ದಳು, ಅಂಥವಳು ಅವಳು. ರಾಜ್ಯೋತ್ಸವದ ವೇದಿಕೆಗೆ ಸಾವಿರಾರು ರೂಪಾಯಿಯ ಹೂವು ತರಿಸುವ ನಾವು, ಮುಂಬಯಿಗೆ ಬಂದು ಮಾತು ಕಳೆದುಕೊಂಡ ನಮ್ಮ ಮುದುಕ ಮುದುಕಿಯರ ಕೈಗೆ ಒಂದು ಕನ್ನಡದ ಒಪ್ಪಿಗೆ ಪತ್ರ ಕೊಟ್ಟಿಲ್ಲ.

ಆದ್ದರಿಂದ ಆ ಪತ್ರವನ್ನು ನಾವೇ ಕನ್ನಡಕ್ಕೆ ಇಳಿಸಿದ್ದೇವೆ, ದಪ್ಪ ಅಕ್ಷರದಲ್ಲಿ ಎರಡು ಪುಟ. ಧರ್ಮಾರ್ಥ ಆಸ್ಪತ್ರೆಯ ಡಾಕ್ಟರು ನಮ್ಮಿಂದ ಸಾಲುಸಾಲಾಗಿ ಹಿಂದಿಯಲ್ಲಿ ಹೇಳಿಸಿಕೊಂಡು ಎರಡು ತಪ್ಪು ತಿದ್ದಿದರು. ಕಳೆದ ಭಾನುವಾರ ಅದನ್ನು ಹಿಡಿದುಕೊಂಡು ರಾಯರ ಮನೆಗೆ ಹೋಗಿದ್ದೆವು. ಭೂತಕನ್ನಡಿ ಹಿಡಿದು ಅರ್ಧ ಗಂಟೆ ಓದಿದರು. ಓದಿ ಒಂದೇ ಪ್ರಶ್ನೆ ಕೇಳಿದರು: "ಇದರಾಗೂ ಲಕ್ವಾ ಅಂತ ಬರದೀರಲ್ಲ?" ಬರೆದಿದ್ದೇವೆ, ರಾಯರ, ಎಂದೆವು. ದುಬಾರಿಯದರ ಕಾಗದದಲ್ಲೂ ಅದೇ ಮಾತಿದೆ. ಈಚೆಗೆ ಲಕ್ವವಾಗಲಿ ಹೃದಯಾಘಾತವಾಗಲಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು, ನಿಮಗೆ ಆಗಿದೆಯೇ? "ಇಲ್ಲ" ಎಂದರು. ಕಿಸೆಯಿಂದ ನಾಲ್ಕು ಮಡಿಕೆಯ ಆ ಹಳೆಯ ಚೀಟಿ ತೆಗೆದು ಫೋನು ನಂಬರು ಹುಡುಕತೊಡಗಿದರು. ಗುರುವಾರ ಹತ್ತು ಗಂಟೆಗೆ ಹೊರಡುತ್ತೇವೆ, ಕಚೇರಿಗೆ ಅರ್ಧ ದಿನದ ರಜೆ ಬರೆದಾಗಿದೆ. ಪತ್ರದ ಇಪ್ಪತ್ತು ಪ್ರತಿಗಳು ವಾಚನಾಲಯದ ಕಪಾಟಿನ ಎರಡನೆಯ ಖಾನೆಯಲ್ಲಿವೆ. ಬೇಕಾದವರು ಒಯ್ಯಬಹುದು. ತುಳುವಿನಲ್ಲೂ ಕೊಂಕಣಿಯಲ್ಲೂ ಹೇಳಿಕೊಡಬಲ್ಲವರಿದ್ದರೆ ದಯವಿಟ್ಟು ಪತ್ರದ ಕೆಳಗೆ ತಮ್ಮ ಹೆಸರು ಬರೆದಿಡಿ.